ಸಂಘಕ್ಕೆ ಒಂದೇ ಕ್ಯಾಮೆರಾ: ಡಿಎಸ್‌ಎಲ್‌ಆರ್ ತಗೋಬೇಕಾ, ಕಾಂಪ್ಯಾಕ್ಟಾ?

ಕಳೆದ ವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬಂದವರಿಗೆ ಯಕ್ಷಗಾನ ನೆನಪಿರಬಹುದು. ಫೈನಲ್ ಇಯರ್‌ನ ಅಕ್ಕ ಒಬ್ಬರು ಅಭಿಮನ್ಯುವಿನ ವೇಷ ಹಾಕಿ ಕುಣಿದಿದ್ರು. ಕಾಲೇಜಿನಲ್ಲಿ ಅದು ಅವರ ಕೊನೆಯ ವೇಷ. ನಾವು ಗೆಳೆಯನೊಬ್ಬನ ಅಣ್ಣನ ಹತ್ರ ಡಿಎಸ್‌ಎಲ್‌ಆರ್ ಇಸ್ಕೊಂಡು ಬಂದು ನಾನ್ನೂರಕ್ಕೂ ಜಾಸ್ತಿ ಫೋಟೋ ತೆಗೆದ್ವಿ. ಹಾಸ್ಟೆಲ್‌ಗೆ ಹೋಗಿ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ರೆ ಹಿಂದಿನ ಬ್ಯಾನರ್‌ನ ಅಕ್ಷರ ಎಲ್ಲ ಸ್ಪಷ್ಟವಾಗಿದೆ, ಅಕ್ಕ ಮಾತ್ರ ಎಲ್ಲದರಲ್ಲೂ ಹೊಗೆ ಥರ ಇದ್ದಾರೆ! ಅವರಿಗೆ ತೋರಿಸಿದಾಗ "ಪರವಾಗಿಲ್ಲ ಬಿಡ್ರೋ" ಅಂದ್ರು. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು.

ಈ ವರ್ಷ ಆ ಬ್ಯಾಚ್‌ನವರು ಹೋಗುವಾಗ ಎಲ್ಲರೂ ಸೇರಿ, ಸಂಘಕ್ಕೆ ಒಂದು ಕ್ಯಾಮೆರಾ ತಗೊಳ್ಳಿ ಅಂತ 30,000 ರೂಪಾಯಿ ಕೊಟ್ಟಿದ್ದಾರೆ. ಮೊದಲು ದುಡ್ಡು ಹಾಕಿದ್ದು ಅದೇ ಅಕ್ಕ. ಹಾಗಾಗಿ ತಪ್ಪು ಕ್ಯಾಮೆರಾ ತಗೊಂಡು ಕಪಾಟಲ್ಲಿ ಇಡೋ ಹಾಗಿರಲಿಲ್ಲ. ಸಂಘದಲ್ಲಿ ಎರಡು ಪಕ್ಷ ಆಯ್ತು. ಒಂದು ಡಿಎಸ್‌ಎಲ್‌ಆರ್ ಪಕ್ಷ, ಇನ್ನೊಂದು ಲೆನ್ಸ್ ಬದಲಾಯಿಸೋಕಾಗದ ಪುಟ್ಟ ಕಾಂಪ್ಯಾಕ್ಟ್ ಪಕ್ಷ. ಜಗಳ ಆಡ್ತಾ ಆಡ್ತಾ ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಒಳಗೆ ಏನಿದೆ?

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್‌ನ ಹಿಂದೆ 45 ಡಿಗ್ರಿ ವಾರೆಯಾಗಿ ಒಂದು ಕನ್ನಡಿ ಇರುತ್ತೆ. ಅದು ಬೆಳಕನ್ನು ಮೇಲಕ್ಕೆ, ನಾವು ಕಣ್ಣಿಡುವ ಜಾಗಕ್ಕೆ ಕಳಿಸುತ್ತೆ. ಬಟನ್ ಒತ್ತಿದ ತಕ್ಷಣ ಕನ್ನಡಿ ಮೇಲೆದ್ದು ಬೆಳಕು ಸೆನ್ಸರ್ ಮೇಲೆ ಬೀಳುತ್ತೆ. ಆ 'ಠಕ್' ಶಬ್ದದಲ್ಲಿ ಕನ್ನಡಿಯದ್ದೇ ದೊಡ್ಡ ಪಾಲು. ಕಾಂಪ್ಯಾಕ್ಟ್‌ನಲ್ಲಿ ಕನ್ನಡಿ ಇಲ್ಲ, ಸೆನ್ಸರ್ ನೋಡಿದ್ದೇ ನೇರ ಪರದೆ ಮೇಲೆ ಬರುತ್ತೆ. ಅದಕ್ಕೇ ಅದು ಜೇಬಲ್ಲಿ ಹಿಡಿಯುವಷ್ಟು ಚಿಕ್ಕದು. ಆದರೆ ಫೋಟೋ ಚೆನ್ನಾಗಿ ಬರೋದಕ್ಕೂ ಕನ್ನಡಿಗೂ ನೇರ ಸಂಬಂಧ ಇಲ್ಲ. ಅದನ್ನು ನಿರ್ಧರಿಸೋದು ಮುಖ್ಯವಾಗಿ ಸೆನ್ಸರ್‌ನ ಅಳತೆ ಮತ್ತು ಲೆನ್ಸ್‌ನ ತೂತು.

ಸೆನ್ಸರ್: ಮಳೆಗೆ ಇಟ್ಟ ಪಾತ್ರೆ

ಬೆಳಕನ್ನು ಮಳೆ ಅಂದ್ಕೊಳ್ಳಿ. ಅಗಲವಾದ ಪಾತ್ರೆ ಇಟ್ರೆ ಜಾಸ್ತಿ ನೀರು ತುಂಬುತ್ತೆ. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಸೆನ್ಸರ್ ಸುಮಾರು 23.5 × 15.6 ಮಿ.ಮೀ., ಅಂದರೆ 366 ಚದರ ಮಿ.ಮೀ. ಅಗ್ಗದ ಕಾಂಪ್ಯಾಕ್ಟ್‌ಗಳ ಸೆನ್ಸರ್ 6.17 × 4.55 ಮಿ.ಮೀ., ಬರೀ 28. ಹದಿಮೂರು ಪಟ್ಟು ವ್ಯತ್ಯಾಸ! ಇಷ್ಟು ಸಣ್ಣ ಸೆನ್ಸರ್‌ನ ಕ್ಯಾಮೆರಾಕ್ಕೆ ಇವತ್ತು ದುಡ್ಡು ಹಾಕೋದು ಬೇಡ, ಆ ಕೆಲಸಕ್ಕೆ ನಮ್ಮ ಫೋನೇ ಸಾಕು.

ಆದರೆ ಎಲ್ಲ ಕಾಂಪ್ಯಾಕ್ಟ್‌ಗಳೂ ಹಾಗಲ್ಲ. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100ರಲ್ಲಿ '1 ಇಂಚಿನ' ಸೆನ್ಸರ್ ಇದೆ. ಹೆಸರಿಗೆ ಮಾತ್ರ ಇಂಚು, ಅಳತೆ 13.2 × 8.8 ಮಿ.ಮೀ., ಅಂದರೆ 116 ಚದರ ಮಿ.ಮೀ. ರಿಕೋ ಜಿಆರ್, ಫ್ಯೂಜಿ ಎಕ್ಸ್100 ಥರದ ಕೆಲವು ಕಾಂಪ್ಯಾಕ್ಟ್‌ಗಳಲ್ಲಿ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡ ಎಪಿಎಸ್-ಸಿ ಸೆನ್ಸರ್ ಇದೆ, ಆದ್ರೆ ಜೂಮ್ ಇಲ್ಲ, ಬೆಲೆಯೂ ನಮ್ಮ ಕೈಗೆ ಎಟುಕಲ್ಲ.

ಕಿಂಡಿಯ ಲೆಕ್ಕ

ಅಪರ್ಚರ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ತಲೆ ಕೆಡಿಸಿಕೊಂಡು ಕೊನೆಗೆ ನಾವು 'ಕಿಂಡಿ' ಅಂತ ಕರೆದ್ವಿ. ಎಫ್ ನಂಬರ್ ಅಂದ್ರೆ ಫೋಕಲ್ ಲೆಂತ್ ಅನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದ್ದು. ಹಾಗಾಗಿ ನಂಬರ್ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಬೆಳಕು ಎಷ್ಟು ಪಟ್ಟು ಅಂತ ತಿಳಿಯೋಕೆ ಎರಡು ಎಫ್ ನಂಬರ್‌ಗಳನ್ನು ಭಾಗಿಸಿ ವರ್ಗ ಮಾಡಬೇಕು.

ಡಿಎಸ್‌ಎಲ್‌ಆರ್ ಜೊತೆ ಬರೋ 18-55 ಕಿಟ್ ಲೆನ್ಸ್‌ನ ಕಿಂಡಿ, ಜೂಮ್ ಮಾಡದೆ ಇದ್ದಾಗ ಎಫ್/3.5. ಆರ್‌ಎಕ್ಸ್100ರದ್ದು ಎಫ್/1.8. (3.5 ÷ 1.8)² ಅಂದರೆ 3.8 ಪಟ್ಟು. ಸೆನ್ಸರ್‌ನಲ್ಲಿ ಡಿಎಸ್‌ಎಲ್‌ಆರ್ 3.2 ಪಟ್ಟು ದೊಡ್ಡದು, ಆದ್ರೆ ಕಿಂಡಿಯಲ್ಲಿ ಕಾಂಪ್ಯಾಕ್ಟ್ 3.8 ಪಟ್ಟು ಮುಂದೆ. ಅಂದ್ರೆ ಅಗಲವಾದ ದೃಶ್ಯ ತೆಗೆಯುವಾಗ 240 ಗ್ರಾಂನ ಕ್ಯಾಮೆರಾ, ಕಿಟ್ ಲೆನ್ಸ್ ಹಾಕಿದ ಸುಮಾರು 700 ಗ್ರಾಂನ ಡಿಎಸ್‌ಎಲ್‌ಆರ್‌ಗಿಂತ ಒಂಚೂರು ಜಾಸ್ತಿಯೇ ಬೆಳಕು ಹಿಡಿಯುತ್ತೆ! ಈ ಲೆಕ್ಕ ಬೋರ್ಡ್ ಮೇಲೆ ಬರೆದಾಗ ಡಿಎಸ್‌ಎಲ್‌ಆರ್ ಪಕ್ಷದವರು ಎರಡು ಸಲ ಚೆಕ್ ಮಾಡಿದ್ರು.

ಆಮೇಲೆ ಅವರ ಸರದಿ. ಜೂಮ್ ಮಾಡಿದ್ರೆ ಕಾಂಪ್ಯಾಕ್ಟ್‌ನ ಕಿಂಡಿ ಎಫ್/4.9ಕ್ಕೆ ಇಳಿಯುತ್ತೆ, ಅದನ್ನು ಬದಲಾಯಿಸೋಕೆ ಆಗಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಕಿಟ್ ಲೆನ್ಸ್ ತೆಗೆದು 50 ಮಿ.ಮೀ. ಎಫ್/1.8 ಲೆನ್ಸ್ ಹಾಕಬಹುದು. ಕಿಟ್ ಲೆನ್ಸ್ 55ರಲ್ಲಿ ಎಫ್/5.6 ಇದ್ದಾಗ ಅದರ ಕಿಂಡಿ 10 ಮಿ.ಮೀ. ಇದರ ಕಿಂಡಿ ಸುಮಾರು 28 ಮಿ.ಮೀ., ಹೆಚ್ಚುಕಮ್ಮಿ ಹತ್ತು ರೂಪಾಯಿ ನಾಣ್ಯದಷ್ಟು. (5.6 ÷ 1.8)² ಅಂದರೆ 9.7, ಹತ್ತಿರ ಹತ್ತಿರ ಹತ್ತು ಪಟ್ಟು.

ಆಗ ನಾವು ಅಕ್ಕನ ಹಳೇ ಫೋಟೋಗಳ ಮಾಹಿತಿ ತೆಗೆದು ನೋಡಿದ್ವಿ. ಎಫ್/5.6, ಶಟರ್ 1/20 ಸೆಕೆಂಡ್. ಅಷ್ಟು ಹೊತ್ತು ಶಟರ್ ತೆರೆದಿದ್ರೆ ಕುಣಿಯೋರು ಹೊಗೆ ಆಗದೆ ಇನ್ನೇನು? ಅದೇ ಬೆಳಕಲ್ಲಿ ಎಫ್/1.8 ಲೆನ್ಸ್ ಇದ್ದಿದ್ರೆ ಸುಮಾರು 1/200 ಸೆಕೆಂಡ್ ಸಿಕ್ತಿತ್ತು. ತಪ್ಪು ಕ್ಯಾಮೆರಾದ್ದಲ್ಲ, ದೊಡ್ಡ ಕ್ಯಾಮೆರಾ ಇದ್ರೆ ಸಾಕು ಅಂದ್ಕೊಂಡ ನಮ್ಮದು.

ಹಾಗಾದ್ರೆ ಯಾವುದು?

ನಮಗೆ ಅರ್ಥ ಆದದ್ದು ಇಷ್ಟು: ಎರಡನೇ ಲೆನ್ಸ್ ತಗೊಳ್ಳೋ ಯೋಚನೆ ಇಲ್ಲದಿದ್ರೆ ಡಿಎಸ್‌ಎಲ್‌ಆರ್ ಬರೀ ಭಾರ. ಕಾಂಪ್ಯಾಕ್ಟ್ ಪಕ್ಷದವರು ಬೇಲೂರಿನ ಉದಾಹರಣೆ ಕೊಟ್ರು. ಚೆನ್ನಕೇಶವ ದೇವಸ್ಥಾನದ ಒಳಗೆ ಕತ್ತಲು, ಟ್ರೈಪಾಡ್ ಇಡೋಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಆದ್ರೆ ಕಂಬಗಳು ಕುಣಿಯಲ್ಲ! 1/10 ಸೆಕೆಂಡ್ ಆದ್ರೂ ಉಸಿರು ಹಿಡಿದು ನಿಂತ್ರೆ, ಕಾಂಪ್ಯಾಕ್ಟ್‌ನ ಸ್ಟೆಬಿಲೈಸೇಶನ್ ಸಹಾಯದಿಂದ ಸ್ಪಷ್ಟ ಫೋಟೋ ಬರುತ್ತೆ. ಅಲ್ಲಿ 50 ಮಿ.ಮೀ. ಲೆನ್ಸ್ ಹಿಡಿದು ನಿಂತ್ರೆ ದೃಶ್ಯ ಚೌಕಟ್ಟಿಗೆ ಹಿಡಿಸಲ್ಲ, ಹಿಂದೆ ಹೋಗೋಣ ಅಂದ್ರೆ ಬೆನ್ನಿಗೆ ಕಂಬ. ಅವರ ಮಾತು ನಿಜ. ಪ್ರವಾಸ, ದೇವಸ್ಥಾನ, ಮನೆ ಫಂಕ್ಷನ್ ಅಂತ ಒಬ್ಬರೇ ಓಡಾಡೋರಿಗೆ 1 ಇಂಚಿನ ಕಾಂಪ್ಯಾಕ್ಟೇ ಸರಿ.

ಆದರೆ ನಮ್ಮ ಸಂಘದ ಕೆಲಸ ನಾಟಕ, ಡೊಳ್ಳು ಕುಣಿತ, ಯಕ್ಷಗಾನ. ಮಂದ ಬೆಳಕು, ಓಡಾಡೋ ಜನ, ದೂರದ ಸ್ಟೇಜ್. ಹಾಗಾಗಿ ಕೊನೆಗೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಬಾಡಿ ಮತ್ತು 50 ಮಿ.ಮೀ. ಎಫ್/1.8 ಲೆನ್ಸ್ ಅಂತ ತೀರ್ಮಾನ ಆಯ್ತು. ಕ್ಯಾನನ್, ನಿಕಾನ್ ಎರಡೂ ಈಗ ಮಿರರ್‌ಲೆಸ್ ಕಡೆ ತಿರುಗಿರೋದ್ರಿಂದ ಹಳೇ ಡಿಎಸ್‌ಎಲ್‌ಆರ್‌ಗಳನ್ನು ಮಾರೋರು ಬೇಕಾದಷ್ಟು ಜನ ಇದ್ದಾರೆ.

ಹಳೇದು ತಗೊಳ್ಳೋರು ಇಷ್ಟು ನೋಡಿ

1. ಶಟರ್ ಎಷ್ಟು ಸಲ ಓಡಿದೆ ಅಂತ ಕೇಳಿ. ಸಾಮಾನ್ಯ ಮಾಡೆಲ್‌ಗಳ ಶಟರ್ ಆಯಸ್ಸು ಹೆಚ್ಚಾಗಿ ಸುಮಾರು 1 ಲಕ್ಷ ಕ್ಲಿಕ್ ಅಂತಾರೆ.
2. ಲೆನ್ಸ್‌ನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಥರ ಕಂಡ್ರೆ ಅದು ಫಂಗಸ್. ಮಲೆನಾಡು, ಕರಾವಳಿ ಕಡೆಯ ಲೆನ್ಸ್ ಆದ್ರೆ ಇನ್ನೂ ಹುಷಾರು.
3. ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಹಳೇ 50 ಎಫ್/1.8ಡಿ ಲೆನ್ಸ್ ಹಾಕಿದ್ರೆ ಕೈಯಲ್ಲೇ ಫೋಕಸ್ ಮಾಡಬೇಕು, 1.8ಜಿ ತಗೊಳ್ಳಿ.
4. ಕಾಂಪ್ಯಾಕ್ಟ್ ಆದ್ರೆ ಲೆನ್ಸ್ ಹತ್ತು ಸಲ ಹೊರಗೆ ಒಳಗೆ ಓಡಿಸಿ ನೋಡಿ. ಅದು ಕೆಟ್ರೆ ಬೇರೆ ಲೆನ್ಸ್ ಹಾಕೋ ದಾರಿ ಇಲ್ಲ.

ಕ್ಯಾಮೆರಾ ಈಗ ಸಂಘದ ರೂಮಿನಲ್ಲಿದೆ. ಯಾರು ಬೇಕಾದ್ರೂ ರಿಜಿಸ್ಟರ್‌ನಲ್ಲಿ ಹೆಸರು ಬರೆದು ತಗೊಂಡು ಹೋಗಿ ಅಭ್ಯಾಸ ಮಾಡಬಹುದು. ಅಕ್ಕನ ಆ ಕುಣಿತದ ಫೋಟೋ ಇನ್ನು ಸಿಗಲ್ಲ. ಈ ನವೆಂಬರ್‌ನಲ್ಲಿ ವೇಷ ಹಾಕೋರದ್ದಾದ್ರೂ ಸಿಗಲಿ ಅಂತ ನಮ್ಮ ಆಸೆ.