ಬ್ಲೇಡಿಗೆ ಕೈ ಹಾಕುವ ಮೊದಲು ಚಾಸಿ ನೋಡಿ

"ಸರ್, ಈ ಬ್ಲೇಡಿಗೆ ರ‍್ಯಾಮ್ ಹೆಚ್ಚಿಸೋಣವಾ, ಪ್ರೊಸೆಸರ್ ಬದಲಾಯಿಸೋಣವಾ?" ಎಂದು ಕಿರಿಯರು ಕೇಳಿದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಅವರನ್ನು ರ‍್ಯಾಕಿನ ಹಿಂಬದಿಗೆ ಕರೆದುಕೊಂಡು ಹೋಗುತ್ತೇನೆ. ಬೆಂಗಳೂರಿನ ಮಧ್ಯಮ ಗಾತ್ರದ ಸಂಸ್ಥೆಯೊಂದರಲ್ಲಿ ಬ್ಲೇಡ್ ಸರ್ವರ್‌ಗಳು ಕೂರುವ ಎಚ್‌ಪಿ ಸಿ7000 ಚಾಸಿಗಳನ್ನು ವರ್ಷಗಟ್ಟಲೆ ನೋಡಿಕೊಂಡವನು ನಾನು. ಬ್ಲೇಡಿನ ಅಪ್‌ಗ್ರೇಡ್ ಯಾವುದೇ ಇರಲಿ, ಅದನ್ನು ಚಾಸಿಯಿಂದ ಶುರುಮಾಡಿ ಒಳಕ್ಕೆ ಯೋಚಿಸಬೇಕು ಎಂಬುದು ಆ ವರ್ಷಗಳಲ್ಲಿ ನನಗೆ ಗಟ್ಟಿಯಾದ ಪಾಠ.

ಸಿ7000 ಹತ್ತು ಯು ಎತ್ತರದ ಪೆಟ್ಟಿಗೆ. ಅದರಲ್ಲಿ ಅರ್ಧ ಎತ್ತರದ ಬ್ಲೇಡ್‌ಗಳು 16 ಕೂರುತ್ತವೆ. ಇದೊಂದು ವಠಾರ: ಒಲೆ ಮನೆಮನೆಗೆ ಬೇರೆ, ಬಾವಿಯೂ ಕರೆಂಟಿನ ಮೀಟರೂ ಎಲ್ಲರಿಗೂ ಒಂದೇ. ಆರು ಪವರ್ ಸಪ್ಲೈ, ಹತ್ತು ಫ್ಯಾನ್, ಹಿಂದಿನ ಎಂಟು ಇಂಟರ್‌ಕನೆಕ್ಟ್ ಬೇಗಳು ಹದಿನಾರು ಬ್ಲೇಡ್‌ಗಳ ಸಮಾನ ಸೊತ್ತು. ಒಂದು ಬ್ಲೇಡಿನ ಹಸಿವು ಹೆಚ್ಚಿದರೆ ಉಳಿದ ಹದಿನೈದರ ಪಾಲಿನ ಲೆಕ್ಕವೂ ಬದಲಾಗುತ್ತದೆ.

ಮೊದಲು ಕರೆಂಟಿನ ಮಾತು. 2,400 ವ್ಯಾಟಿನ ಆರು ಸಪ್ಲೈಗಳಿವೆ ಎಂದುಕೊಳ್ಳಿ. ಮೂರು ಒಂದು ಯುಪಿಎಸ್‌ಗೆ, ಮೂರು ಇನ್ನೊಂದಕ್ಕೆ ಜೋಡಿಸಿದ್ದರೆ ನಿಮ್ಮ ಕೈಯಲ್ಲಿರುವುದು 14,400 ವ್ಯಾಟ್ ಅಲ್ಲ, 7,200 ಮಾತ್ರ. ಉಳಿದರ್ಧ ಒಂದು ಸಾಲು ಬಿದ್ದ ದಿನಕ್ಕೆ ಕಾಯ್ದಿಟ್ಟದ್ದು. ಪ್ರತಿ ಬ್ಲೇಡಿಗೂ ದೊಡ್ಡ ಪ್ರೊಸೆಸರ್ ಹಾಕುತ್ತಾ ಹೋದರೆ ಈ ಗೆರೆಯನ್ನು ಯಾವಾಗ ದಾಟಿದೆವು ಎಂಬುದು ಬ್ಲೇಡಿನ ಪರದೆಯಲ್ಲಿ ಕಾಣುವುದಿಲ್ಲ, ಇಡೀ ಚಾಸಿಯನ್ನು ನಿರ್ವಹಿಸುವ ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್‌ನಲ್ಲಿ ಕಾಣುತ್ತದೆ. ಅಲ್ಲಿಯೂ ನಾನು ಸರಾಸರಿಯನ್ನು ನಂಬುವುದಿಲ್ಲ. ತಿಂಗಳ ಕೊನೆಯ ರಾತ್ರಿ, ಬ್ಯಾಕಪ್ ಓಡುವಾಗ, ಎಲ್ಲ ಬ್ಲೇಡ್‌ಗಳೂ ಒಟ್ಟಿಗೆ ಬೂಟ್ ಆಗುವಾಗ ಚಾಸಿ ಎಷ್ಟು ಎಳೆಯಿತು ಎಂಬುದಷ್ಟೇ ಲೆಕ್ಕಕ್ಕೆ. ಇನ್ನೊಂದು ಚಾಸಿ ಇಡುವ ಯೋಚನೆಯಿದ್ದರೆ ನೆಲದ ಕಡೆಗೂ ಕಣ್ಣಿರಲಿ. ಭರ್ತಿಯಾದ ಸಿ7000 ಸುಮಾರು 218 ಕಿಲೋ ತೂಗುತ್ತದೆ. ಎತ್ತರಿಸಿದ ನೆಲದ ಹಲಗೆ ಅದನ್ನು ತಾಳುತ್ತದೆಯೇ ಎಂದು ಕಟ್ಟಡದವರನ್ನು ಮುಂಚೆಯೇ ಕೇಳಬೇಕು.

ಎರಡನೆಯದು, ನಿಜಕ್ಕೂ ಕೊರತೆ ಯಾವುದರದು ಎಂಬ ಪ್ರಶ್ನೆ. ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ನಮ್ಮಂಥ ಕಡೆ ಮೊದಲು ಕೈಕೊಡುತ್ತಿದ್ದದ್ದು ರ‍್ಯಾಮ್. ಪ್ರೊಸೆಸರ್ ಅರ್ಧಕ್ಕಿಂತ ಕಡಿಮೆ ದುಡಿಯುತ್ತಿದ್ದಾಗಲೇ ಮೆಮೊರಿ ಬಲೂನಿಂಗ್, ಸ್ವಾಪಿಂಗ್ ಶುರುವಾಗಿರುತ್ತಿತ್ತು. ಬಳಕೆದಾರರ ದೂರು ಮಾತ್ರ "ಸರ್ವರ್ ಸ್ಲೋ" ಎಂಬ ಎರಡೇ ಪದ. ಆ ಎರಡು ಪದ ಕೇಳಿ ಪ್ರೊಸೆಸರ್ ಆರ್ಡರ್ ಮಾಡಬಾರದು.

ರ‍್ಯಾಮ್ ಹಾಕುವುದಕ್ಕೂ ಒಂದು ಕ್ರಮವಿದೆ. ಬಿಎಲ್460ಸಿ ಜೆನ್9 ಬ್ಲೇಡಿನಲ್ಲಿ 16 ಸ್ಲಾಟ್‌ಗಳಿವೆ. ಎರಡು ಪ್ರೊಸೆಸರ್, ಒಂದೊಂದಕ್ಕೆ ನಾಲ್ಕು ಚಾನೆಲ್, ಚಾನೆಲ್‌ಗೆ ಎರಡು ಸ್ಲಾಟ್. ಎಲ್ಲ ಚಾನೆಲ್‌ಗಳೂ ಸಮನಾಗಿ ತುಂಬಿದಾಗಲೇ ಪೂರ್ತಿ ವೇಗ. ಹಾಗಾಗಿ ಒಂದೆರಡು ಕಡ್ಡಿ ತಂದು ಸಿಕ್ಕಿದ ಕಡೆ ಸಿಕ್ಕಿಸುವುದಲ್ಲ, ಎಂಟೆಂಟರ ಸೆಟ್‌ನಲ್ಲಿ ಕೊಳ್ಳಬೇಕು. ಆರ್‌ಡಿಮ್ ಮತ್ತು ಎಲ್‌ಆರ್‌ಡಿಮ್ ಒಂದೇ ಬ್ಲೇಡಿನಲ್ಲಿ ಸೇರುವುದಿಲ್ಲ. ವೇಗ ಬೇರೆಬೇರೆ ಇದ್ದರೆ ಎಲ್ಲವೂ ನಿಧಾನದ ಕಡ್ಡಿಯ ವೇಗಕ್ಕೆ ಇಳಿಯುತ್ತವೆ. ಎರಡನೇ ಪ್ರೊಸೆಸರ್ ಹಾಕಿರದ ಬ್ಲೇಡಿನಲ್ಲಿ ಅದರ ಪಾಲಿನ ಎಂಟು ಸ್ಲಾಟ್‌ಗಳು ಇದ್ದೂ ಇಲ್ಲದಂತೆ. 256 ಜಿಬಿ ಬೇಕಾದಾಗ ನನ್ನ ಆಯ್ಕೆ 16 ಜಿಬಿಯ ಹದಿನಾರು ಕಡ್ಡಿಗಳಲ್ಲ, 32 ಜಿಬಿಯ ಎಂಟು. ಖಾಲಿ ಉಳಿದ ಎಂಟು ಸ್ಲಾಟ್‌ಗಳಿಂದಾಗಿ ಮುಂದಿನ ಸಲ ಹಳೆಯ ಕಡ್ಡಿಗಳನ್ನು ಕಿತ್ತು ಬಿಸಾಡುವ ಪ್ರಮೇಯ ಬರುವುದಿಲ್ಲ.

ಎಸ್‌ಪಿ ರೋಡಿನಂಥ ಮಾರುಕಟ್ಟೆಯಲ್ಲಿ ಸೆಕೆಂಡ್ ಹ್ಯಾಂಡ್ ಸರ್ವರ್ ಮೆಮೊರಿ ಸಿಗುತ್ತದೆ. ವಾರಂಟಿ ಮುಗಿದ ಬ್ಲೇಡಿಗೆ ಅದನ್ನು ಕೊಳ್ಳಲು ನನಗೆ ಹಿಂಜರಿಕೆಯಿಲ್ಲ, ಆದರೆ ಷರತ್ತುಗಳಿವೆ. ಪಾರ್ಟ್ ನಂಬರ್ ಒಂದೇ ಇರಬೇಕು. ಹಾಕಿದ ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಬೇಕು. ಮುಂದಿನ ವಾರಗಳಲ್ಲಿ ಬ್ಲೇಡಿನ ನಿರ್ವಹಣಾ ಚಿಪ್ ಆದ ಐಎಲ್‌ಒದ ಲಾಗ್‌ನಲ್ಲಿ, ತಾನಾಗಿ ಸರಿಪಡಿಸಿಕೊಂಡ ಇಸಿಸಿ ದೋಷಗಳು ಒಂದೇ ಸ್ಲಾಟಿನಿಂದ ಬರುತ್ತಿವೆಯೇ ಎಂದು ನೋಡುತ್ತಿರಬೇಕು.

ಪ್ರೊಸೆಸರ್ ವಿಷಯದಲ್ಲಿ ಯಂತ್ರದ ಬೆಲೆಗಿಂತ ಲೈಸೆನ್ಸಿನ ಬೆಲೆ ದೊಡ್ಡದು. ಝಿಯಾನ್ ಇ5-2699 ವಿ4ರಲ್ಲಿ 22 ಕೋರ್‌ಗಳು, ವೇಗ 2.2 ಗಿಗಾಹರ್ಟ್ಸ್. ಇ5-2667 ವಿ4ರಲ್ಲಿ ಎಂಟೇ ಕೋರ್, ಆದರೆ 3.2 ಗಿಗಾಹರ್ಟ್ಸ್. ಕೋರ್ ಲೆಕ್ಕದಲ್ಲಿ ಹಣ ಕೇಳುವ ಡೇಟಾಬೇಸ್‌ಗೆ ಎರಡನೆಯದೇ ಜಾಣತನ. ವಿಂಡೋಸ್ ಸರ್ವರ್ ಕೂಡ 2016ರ ಆವೃತ್ತಿಯಿಂದ ಕೋರ್ ಲೆಕ್ಕಕ್ಕೇ ಬಂದಿದೆ. ಆದರೆ 2023ರ ಕೊನೆಗೆ ಬ್ರಾಡ್‌ಕಾಮ್ ಕೈಸೇರಿದ ವಿಎಂವೇರ್‌ನ ಚಂದಾ ಪದ್ಧತಿಯಲ್ಲಿ ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್ ಎಂದು ಎಣಿಸುತ್ತಾರೆ. ಎಂಟು ಕೋರಿನ ಪ್ರೊಸೆಸರ್ ಹಾಕಿದರೂ ಹಣ ಹದಿನಾರಕ್ಕೆ. ಅದೇ ಪ್ರೊಸೆಸರ್ ಡೇಟಾಬೇಸ್ ಬ್ಲೇಡಿಗೆ ಅಗ್ಗ, ವಿಎಂವೇರ್ ಬ್ಲೇಡಿಗೆ ದುಬಾರಿ. ಹೀಗಾಗಿ ಕೊಟೇಶನ್ ತರಿಸುವ ಮೊದಲು ನಾನು ಲೈಸೆನ್ಸ್ ಫೈಲು ತೆಗೆಯುತ್ತೇನೆ.

ಜೆನ್9ರಲ್ಲಿ ವಿ3 ತೆಗೆದು ವಿ4 ಹಾಕಬಹುದು, ಸಾಕೆಟ್ ಅದೇ. ಆದರೆ ಸಿಸ್ಟಮ್ ರಾಮ್ (ಬಯೋಸ್) ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು. ಹೆಚ್ಚು ವ್ಯಾಟಿನದ್ದಕ್ಕೆ ಹೀಟ್‌ಸಿಂಕ್ ಬೇರೆ ಬೇಕಾಗಬಹುದು, ಅದು ಕೊಟೇಶನ್‌ನಲ್ಲಿ ಸೇರಿದೆಯೇ ಎಂದು ಕೇಳಿ.

ಹೆಚ್ಚು ತಲೆ ಓಡಿಸಬೇಕಾದ್ದು ಬ್ಲೇಡಿಗೆ ಹೆಚ್ಚುವರಿ ಸಂಪರ್ಕ ಕೊಡುವ ಮೆಜನೈನ್ ಕಾರ್ಡ್‌ಗಳ ಆಯ್ಕೆಯಲ್ಲಿ. ಅರ್ಧ ಎತ್ತರದ ಬ್ಲೇಡಿನ ಮೂಲ ನೆಟ್‌ವರ್ಕ್ ಅಡಾಪ್ಟರ್ ಹಿಂದಿನ 1 ಮತ್ತು 2ನೇ ಬೇಗಳಿಗೆ ಹೋಗುತ್ತದೆ. ಮೊದಲ ಮೆಜನೈನ್ 3, 4ಕ್ಕೆ, ಎರಡನೆಯದು 5ರಿಂದ 8ಕ್ಕೆ. ಈ ದಾರಿ ಮಿಡ್‌ಪ್ಲೇನ್‌ನಲ್ಲೇ ಅಚ್ಚಾಗಿದೆ, ಕೇಬಲ್ ಬದಲಿಸಿ ತಿರುಗಿಸುವಂತಿಲ್ಲ. ಫೈಬರ್ ಚಾನೆಲ್ ಕಾರ್ಡನ್ನು ಮೊದಲ ಮೆಜನೈನ್‌ನಲ್ಲಿ ಕೂರಿಸಿ, 3ನೇ ಬೇಯಲ್ಲಿ ಈಥರ್‌ನೆಟ್ ಮಾಡ್ಯೂಲ್ ಇದ್ದರೆ ಚಾಸಿ ಅದನ್ನು ಹೊಂದಾಣಿಕೆಯಿಲ್ಲ ಎಂದು ತಳ್ಳಿಹಾಕುತ್ತದೆ. 20 ಗಿಗಾಬಿಟ್‌ನ ಅಡಾಪ್ಟರ್ ತಂದು ಹಿಂದೆ 10ರ ಮಾಡ್ಯೂಲನ್ನೇ ಉಳಿಸಿದರೆ ಸಿಗುವುದು ಹತ್ತೇ.

ಇಲ್ಲಿನ ಖರ್ಚು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಬ್ಲೇಡಿಗೆ ಫೈಬರ್ ಚಾನೆಲ್ ಬೇಕೆಂದರೆ ಜೋಡಿ ಮಾಡ್ಯೂಲ್‌ಗಳ ಪೂರ್ತಿ ಹಣ ಅದರ ತಲೆಗೆ. ಎರಡನೆಯದರಿಂದ ಬರೀ ಕಾರ್ಡಿನ ಬೆಲೆ. ಎರಡು ಬ್ಲೇಡ್‌ಗಳಿಗಾಗಿ ಈ ಮೆಟ್ಟಿಲು ಹತ್ತಬಾರದು; ಹನ್ನೆರಡಕ್ಕಾದರೆ ಯೋಚಿಸಬೇಕಿಲ್ಲ.

ಡಿಸ್ಕ್ ಜಾಗ ಬ್ಲೇಡಿನಲ್ಲಿ ಎರಡೇ. ಅವನ್ನು ಜೋಡಿ ಎಸ್‌ಎಸ್‌ಡಿ ಮಿರರ್‌ಗೆ, ಬೂಟ್‌ಗೆ ಮೀಸಲಿಡುವುದು ಒಳ್ಳೆಯದು. ಒಳಗಿನ ಎಸ್‌ಡಿ ಕಾರ್ಡಿನಿಂದಷ್ಟೇ ಬೂಟ್ ಮಾಡುವ ಪದ್ಧತಿಯಿಂದ ವಿಎಂವೇರ್ ಈಗ ದೂರ ಸರಿದಿದೆ. ಹನ್ನೆರಡು ಡಿಸ್ಕಿನ ಡಿ2220ಎಸ್‌ಬಿ ಸ್ಟೋರೇಜ್ ಬ್ಲೇಡ್ ಇದೆ ನಿಜ, ಆದರೆ ಅದು ಪಕ್ಕದ ಒಂದು ಬೇ ನುಂಗುತ್ತದೆ, ಅಂದರೆ ಒಂದು ಸರ್ವರಿನ ಜಾಗ ಹೋಯಿತು. ದೊಡ್ಡ ಡಿಸ್ಕ್, ಜಿಪಿಯು ಕೇಳುವವರಿಗೆ ಎರಡು ಯು ರ‍್ಯಾಕ್ ಸರ್ವರ್ ಕೊಡಿಸಿ ಎನ್ನುತ್ತೇನೆ.

ಕೊನೆಯದಾಗಿ, ಎಲ್ಲಿ ನಿಲ್ಲಿಸಬೇಕು? 2006ರಲ್ಲಿ ಬಂದ ಸಿ7000, 2017ರ ಜೆನ್10 ಬ್ಲೇಡನ್ನೂ ಒಪ್ಪಿಕೊಂಡ ಪೆಟ್ಟಿಗೆ. ಅದರ ಆಯುಸ್ಸು ಕಂಡು ಒಳಗಿನ ಹಳೆಯ ಬ್ಲೇಡ್‌ಗಳಿಗೂ ಅಷ್ಟೇ ಆಯುಸ್ಸು ಎಂದುಕೊಳ್ಳಬಾರದು. ಜಿ7 ಬ್ಲೇಡ್‌ಗಳ ಝಿಯಾನ್ 5600 ಪ್ರೊಸೆಸರನ್ನು 2020ರ ಇಎಸ್‌ಎಕ್ಸ್‌ಐ 7.0 ಕೈಬಿಟ್ಟಿತು. ಯಂತ್ರ ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ರ‍್ಯಾಮ್ ಸುರಿಯುವುದು ಆಮೇಲೆ ವ್ಯರ್ಥ. ನಾವು ನಮ್ಮ ಜಿ7ಗಳನ್ನು ಹೊರತೆಗೆದು, ಅವುಗಳ ವರ್ಚುವಲ್ ಮೆಷಿನ್‌ಗಳನ್ನು ರ‍್ಯಾಮ್ ಹೆಚ್ಚಿಸಿದ ಜೆನ್9ಗಳಿಗೆ ಸಾಗಿಸಿದೆವು. ಬಿಡುವಾದ ವಿದ್ಯುತ್ತಿನಲ್ಲಿ ಉಳಿದ ಬ್ಲೇಡ್‌ಗಳಿಗೆ ದೊಡ್ಡ ಪ್ರೊಸೆಸರ್ ಹಾಕಲು ಅವಕಾಶವಾಯಿತು. ಅಪ್‌ಗ್ರೇಡ್ ಪಟ್ಟಿಯ ಮೊದಲ ಸಾಲಿನಲ್ಲಿ ಈಗ ನಾನು ಬರೆಯುವುದು ಏನನ್ನು ತೆಗೆಯಬಹುದು ಎಂದು. ಖಾಲಿಯಾದ ಬೇಗಳಿಗೆ ಬ್ಲ್ಯಾಂಕ್ ಮುಚ್ಚಳ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ತಣ್ಣನೆಯ ಗಾಳಿ ಬ್ಲೇಡ್‌ಗಳನ್ನು ಬಿಟ್ಟು ಆ ಕಿಂಡಿಯಲ್ಲೇ ನುಗ್ಗಿ ಹೋಗುತ್ತದೆ.