ಲೆನ್ಸಿಗೆಷ್ಟು, ಫಿಲ್ಮಿಗೆಷ್ಟು

ಪಾಲಹಳ್ಳಿಯಲ್ಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮನೆ ಬಿಟ್ಟರೆ ಎದುರು ಸಿಕ್ಕವರು ನಾನು ರಂಗನತಿಟ್ಟಿಗೆ ಹೊರಟೆ ಎಂದೇ ತಿಳಿಯುತ್ತಾರೆ. ಹಾಗೆ ತಿಳಿಯುವುದು ಸಹಜ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾದ ಆ ನಡುಗಡ್ಡೆಗಳು ನಮ್ಮೂರ ಪಕ್ಕದಲ್ಲೇ ಇವೆ. ಅಲ್ಲಿಗೆ ಬರುವವರ ಕೈಯಲ್ಲಿರುವ ಲಕ್ಷಗಟ್ಟಲೆ ಬೆಲೆಯ, ಮೊಳದುದ್ದದ ಲೆನ್ಸುಗಳನ್ನು ಊರಿನವರು ದಿನಾ ನೋಡುತ್ತಾರೆ. ಅದಕ್ಕೇ ಟೀ ಅಂಗಡಿಯಲ್ಲಿ ಕೇಳುತ್ತಾರೆ: “ಏನ್ ಸಾ, ಇಷ್ಟ್ ಚಿಕ್ ಲೆನ್ಸಲ್ಲಿ ಕೊಕ್ಕರೆ ಸಿಕ್ತದಾ?”

ಸಿಗುವುದಿಲ್ಲ. ನನ್ನದು ರೇಂಜ್‌ಫೈಂಡರ್ ಕ್ಯಾಮೆರಾ, ಫಿಲ್ಮಿನದು. ಇದರ ಕಿಟಕಿಯಲ್ಲಿ ನೋಡುವುದು ಲೆನ್ಸಿನ ಮೂಲಕ ಅಲ್ಲ. ಮಧ್ಯದಲ್ಲಿ ಒಂದೇ ವಸ್ತುವಿನ ಎರಡು ಬಿಂಬ ಕಾಣುತ್ತವೆ, ಲೆನ್ಸಿನ ಬಳೆ ತಿರುಗಿಸುತ್ತ ಅವೆರಡನ್ನೂ ಕೂಡಿಸಿದರೆ ಫೋಕಸ್ ಕೂತಿತು ಎಂದರ್ಥ. ದೂರದ ಹಕ್ಕಿಗೆ ಇದು ಹೇಳಿದ್ದಲ್ಲ. ಎರಡು ಮೂರು ಮೀಟರಿನೊಳಗೆ ನಿಂತಿರುವ ಮನುಷ್ಯರಿಗೆ, ಅಂದರೆ ನಾಟಿಗೆ ಬಗ್ಗಿದ ಹೆಂಗಸರಿಗೆ, ಕರಿಘಟ್ಟದ ಮೆಟ್ಟಿಲು ಹತ್ತುವ ಅಜ್ಜಿಗೆ, ಆಲೆಮನೆಯ ಒಲೆ ಮುಂದಿನವನಿಗೆ ಇದರಷ್ಟು ಒಗ್ಗುವ ಕ್ಯಾಮೆರಾ ಇನ್ನೊಂದಿಲ್ಲ. ಅದಕ್ಕೆ ಒಂದೇ ಒಂದು ಸ್ಟ್ಯಾಂಡರ್ಡ್ ಲೆನ್ಸ್ ಸಾಕು. ಆ ಒಂದಕ್ಕೆ ಎಷ್ಟು ದುಡ್ಡು ಹಾಕಬೇಕು ಎನ್ನುವುದೇ ಪ್ರಶ್ನೆ.

ನಾನು ಪಾಲಿಸುವ ಲೆಕ್ಕ ಇದು: ಒಂದು ವರ್ಷಕ್ಕೆ ಫಿಲ್ಮಿಗೆ ಎಷ್ಟು ಖರ್ಚಾಗುತ್ತದೋ ಲೆನ್ಸಿನ ಬೆಲೆ ಅದನ್ನು ದಾಟಬಾರದು. ತಿಂಗಳಿಗೊಂದು ರೋಲ್ ಹೊಡೆಯುವವರನ್ನೇ ತೆಗೆದುಕೊಳ್ಳಿ. ಫಿಲ್ಮ್, ತೊಳೆಸುವುದು, ಸ್ಕ್ಯಾನ್, ಕೊರಿಯರ್ ಎಲ್ಲ ಸೇರಿ ರೋಲಿಗೆ ಹೆಚ್ಚುಕಡಿಮೆ 1,500 ರೂಪಾಯಿ ಹಿಡಿದರೆ ವರ್ಷಕ್ಕೆ 18,000. ರೋಲಿನಲ್ಲಿ 36 ಚಿತ್ರ. ಒಂದೊಂದು ಸಲ ಗುಂಡಿ ಒತ್ತಿದಾಗಲೂ ಸುಮಾರು 40 ರೂಪಾಯಿ ಹೋಯಿತು. ಲೆನ್ಸಿನ ಖರ್ಚು ಒಂದು ಸಲದ್ದು, ಫಿಲ್ಮಿನದು ನಿಲ್ಲದ ಖರ್ಚು. 18,000ದ ಜಾಗದಲ್ಲಿ 60,000 ಲೆನ್ಸಿಗೇ ಸುರಿದವರ ಕ್ಯಾಮೆರಾ ಆಮೇಲೆ ಬೀರುವಿನಲ್ಲಿ ಕೂರುವುದನ್ನು ಕಂಡಿದ್ದೇನೆ. ಫಿಲ್ಮಿಗೆ ಕೈ ಬರುವುದಿಲ್ಲ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ.

ಸ್ಟ್ಯಾಂಡರ್ಡ್ ಎಂದರೆ 50 ಎಂಎಂ ಆಸುಪಾಸು. 24×36 ಮಿ.ಮೀ. ಫಿಲ್ಮ್ ಚೌಕಟ್ಟಿನ ಕರ್ಣ ಸುಮಾರು 43 ಮಿ.ಮೀ.; ಲೆಕ್ಕದ ಪ್ರಕಾರ ಅದೇ ಸಹಜ ನೋಟದ ಅಳತೆ. ಆದರೆ 1925ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಲೈಕಾ 50 ಎಂಎಂ ಲೆನ್ಸ್ ಹೊತ್ತು ಬಂತು, ಆಮೇಲಿನವರೂ ಅದನ್ನೇ ಹಿಡಿದರು. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೇ ಬ್ರೆಸ್ಸೋನ್ ತಮ್ಮ ಬಹುಪಾಲು ಕೆಲಸವನ್ನು ಲೈಕಾ ಮತ್ತು 50 ಎಂಎಂನಲ್ಲೇ ಮಾಡಿದರು. ಈ ಅಳತೆಯಲ್ಲಿ ಶತಮಾನದಿಂದ ಲೆನ್ಸುಗಳು ತಯಾರಾಗುತ್ತ ಬಂದಿರುವುದರಿಂದ ಹಳೆಯ ಮಾಲು ಹೇರಳವಾಗಿ ಸಿಗುತ್ತದೆ. ಅಗ್ಗದ ಲೆನ್ಸ್ ಬೇಕೆಂದರೆ 50ಕ್ಕೇ ಹೋಗಬೇಕು, 35ಕ್ಕಲ್ಲ.

ಬೆಲೆ ಏರುವುದು ಬೆಳಕಿನ ಅಂಕಿಯಲ್ಲಿ. ಎಫ್/2.8, ಎಫ್/2, ಎಫ್/1.4: ಒಂದೊಂದು ಮೆಟ್ಟಿಲು ಹತ್ತಿದಂತೆ ಒಳಬರುವ ಬೆಳಕು ಎರಡರಷ್ಟಾಗುತ್ತದೆ, ಬೆಲೆ ಎಷ್ಟೋ ಸಲ ಅದಕ್ಕಿಂತ ಹೆಚ್ಚು ಏರುತ್ತದೆ. ಎಷ್ಟು ಬೆಳಕು ನಿಜಕ್ಕೂ ಬೇಕು ಎಂದು ನಾನು ತಿಳಿದದ್ದು ಆಲೆಮನೆಯಲ್ಲಿ. ನಮ್ಮೂರಿಗೂ ಬೆಲ್ಲಕ್ಕೂ ನಂಟು ಹಳೆಯದು. ರೈತರ ಬೆಲ್ಲದಿಂದ ಸಕ್ಕರೆ ತೆಗೆಯುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಇಲ್ಲಿ 1847ರಲ್ಲೇ ಶುರುವಾಗಿತ್ತು. ಈಗಲೂ ಕಬ್ಬಿನ ಕಾಲದಲ್ಲಿ ಸುತ್ತಮುತ್ತ ಒಲೆ ಉರಿಯುತ್ತದೆ. ಬೆಳಗಿನ ಜಾವ, ತಗಡಿನ ಸೂರಿನ ಕೆಳಗೆ, ಒಣಗಿದ ಕಬ್ಬಿನ ಸಿಪ್ಪೆ ಒಲೆಗೆ ತಳ್ಳುವವನ ಮುಖದ ಮೇಲೆ ಕೆಂಪು ಬೆಳಕು, ಕೊಪ್ಪರಿಗೆಯ ಮೇಲೆ ಆವಿ. ಮೀಟರ್ ಹಿಡಿದರೆ 400 ವೇಗದ ಫಿಲ್ಮಿಗೆ ಎಫ್/2ರಲ್ಲಿ 1/30 ಸೆಕೆಂಡ್ ತೋರಿಸುತ್ತದೆ. ರೇಂಜ್‌ಫೈಂಡರಿನಲ್ಲಿ ಮೇಲೆ ಕೆಳಗೆ ಬಡಿಯುವ ಕನ್ನಡಿ ಇಲ್ಲ. ಹಾಗಾಗಿ ಕಂಬಕ್ಕೆ ಒರಗಿ ಉಸಿರು ಹಿಡಿದರೆ 1/30 ಕೈಯಲ್ಲೇ ನಿಲ್ಲುತ್ತದೆ, 1/15 ಕೂಡ ಒಮ್ಮೊಮ್ಮೆ ನಿಲ್ಲುತ್ತದೆ. ಪಾಕ ನೋಡುವವನಿಗೆ ಮಾತ್ರ ನಮಗಾಗಿ ನಿಲ್ಲಲು ಬಿಡುವಿಲ್ಲ. “ಬ್ಯಾಗ ಹೊಡ್ಕಳಿ ಅಣ್ಣ, ಪಾಕ ಕೆಟ್ಟೋಯ್ತದೆ” ಅನ್ನುತ್ತಾನೆ. ಅವನು ಹೇಳುವುದು ಸರಿ.

ಅಲ್ಲಿ ಎಫ್/1.4 ಇದ್ದಿದ್ದರೆ? 1/60 ಸಿಗುತ್ತಿತ್ತು. ಆದರೆ ಆ ಒಂದು ಮೆಟ್ಟಿಲನ್ನು ಬೇರೆ ಕಡೆಯಿಂದಲೂ ಪಡೆಯಬಹುದು. 400ರ ಕಪ್ಪು ಬಿಳುಪು ಫಿಲ್ಮನ್ನು 800 ಎಂದು ಬಗೆದು ತೆಗೆದು, ಡೆವಲಪರಿನಲ್ಲಿ ಕೆಲವು ನಿಮಿಷ ಹೆಚ್ಚಿಗೆ ಇಟ್ಟರೆ ಆಯಿತು. ಕಾಳು ಸ್ವಲ್ಪ ದಪ್ಪವಾಗುತ್ತದೆ, ನೆರಳು ಸ್ವಲ್ಪ ಕಪ್ಪಾಗುತ್ತದೆ, ಒಲೆಯ ಚಿತ್ರಕ್ಕೆ ಅದು ಕುಂದೇ ಅಲ್ಲ. ಲೆನ್ಸಿನಿಂದ ಹತ್ತಾರು ಸಾವಿರ ಕೊಟ್ಟು ಕೊಳ್ಳುವ ಬೆಳಕು ಡೆವಲಪರಿನಿಂದ ಬಹುತೇಕ ಬಿಟ್ಟಿ ಸಿಗುವಾಗ ನಾನು ಎರಡನೆಯದನ್ನೇ ಆರಿಸುತ್ತೇನೆ.

ಇನ್ನೊಂದು ಕಾರಣವೂ ಇದೆ. 50 ಎಂಎಂ ಲೆನ್ಸನ್ನು ಎಫ್/2ರಲ್ಲಿ ತೆರೆದು ಒಂದು ಮೀಟರ್ ದೂರದ ಮುಖಕ್ಕೆ ಹಿಡಿದರೆ ಸ್ಪಷ್ಟವಾಗಿ ಬರುವ ಆಳ ಐದು ಸೆಂಟಿಮೀಟರಿಗಿಂತ ಕಡಿಮೆ. ಎಫ್/1.4ರಲ್ಲಿ ಸುಮಾರು ಮೂರು. ಇಷ್ಟು ಸಣ್ಣ ಆಳವನ್ನು ಹಿಡಿಯುವ ಶಕ್ತಿ ಎಲ್ಲ ಬಾಡಿಗೂ ಇರುವುದಿಲ್ಲ. ಲೈಕಾ ಎಂ3ಯ ರೇಂಜ್‌ಫೈಂಡರ್ ಬಹಳ ನಿಖರ, ಅದರ ಎರಡು ಕಿಟಕಿಗಳ ನಡುವಿನ ಪರಿಣಾಮಕಾರಿ ಅಂತರ 60 ಮಿ.ಮೀ. ದಾಟುತ್ತದೆ. ನನ್ನ ಹಳೆಯ ಬೆಸ್ಸಾ ಆರ್‌ನಲ್ಲಿ ಅದು 25ರ ಆಸುಪಾಸು. ಅಂಥ ಬಾಡಿಗೆ ಎಫ್/1.1 ಲೆನ್ಸ್ ಹಾಕುವುದು ದುಡ್ಡು ಕೊಟ್ಟು ಮಸುಕು ಕೊಂಡಂತೆ. ನನ್ನ ತೀರ್ಮಾನ ಎಫ್/2. ಹಗಲಿನಲ್ಲೇ ತೆಗೆಯುವವರಿಗೆ ಎಫ್/2.8 ಧಾರಾಳ ಸಾಕು.

ಕೊಳ್ಳುವ ಮೊದಲು ಬಾಡಿಯ ಬಾಯಿ ಯಾವುದು ನೋಡಿ. ಹಳೆಯ ಲೈಕಾ, ಸೋವಿಯತ್ ಕಾಲದ ಫೆಡ್, ಝೋರ್ಕಿ, ಬೆಸ್ಸಾ ಆರ್ ಇವೆಲ್ಲ 39 ಮಿ.ಮೀ. ತಿರುಪಿನವು. 1954ರಲ್ಲಿ ಲೈಕಾ ಎಂ3 ಜೊತೆ ಬಂದದ್ದು ಎಂ ಮೌಂಟ್. ತಿರುಪಿನ ಲೆನ್ಸಿಗೆ ಒಂದು ಮಿಲಿಮೀಟರ್ ದಪ್ಪದ ಅಡಾಪ್ಟರ್ ಬಳೆ ಹಾಕಿದರೆ ಎಂ ಬಾಡಿಯ ಮೇಲೆ ಕೂರುತ್ತದೆ, ರೇಂಜ್‌ಫೈಂಡರೂ ಕೆಲಸ ಮಾಡುತ್ತದೆ. ಎಂ ಲೆನ್ಸನ್ನು ತಿರುಪಿನ ಬಾಡಿಗೆ ಹಾಕಲಾಗದು. ಈಗ ಚೀನಾದಿಂದ ಬರುತ್ತಿರುವ ಸೆವೆನ್ ಆರ್ಟಿಸನ್ಸ್, ಟಿಟಿ ಆರ್ಟಿಸನ್ ಲೆನ್ಸುಗಳು ಅಗ್ಗ, ಹೊಸವು, ಆದರೆ ರೇಂಜ್‌ಫೈಂಡರಿಗೆ ಜೋಡಣೆಯಾಗುವಂಥವು ಎಂ ಮೌಂಟಿನವು. ತಿರುಪಿನ ಲೆನ್ಸ್ ಕೊಂಡವರು ನಾಳೆ ಬಾಡಿ ಬದಲಿಸಿದರೂ ಲೆನ್ಸ್ ಬದಲಿಸಬೇಕಿಲ್ಲ. ಹಣದ ದೃಷ್ಟಿಯಿಂದ ಇದು ದೊಡ್ಡ ಅನುಕೂಲ.

ನಾನು ಆರಿಸಿದ್ದು ರಷ್ಯದ ಜುಪಿಟರ್-8, 50 ಎಂಎಂ ಎಫ್/2. ಝೈಸ್ ಕಂಪನಿಗಾಗಿ ಲುಡ್ವಿಗ್ ಬರ್ಟೆಲೆ ರೂಪಿಸಿದ ಸೋನಾರ್ ಲೆನ್ಸಿನ ವಿನ್ಯಾಸವನ್ನು ಎರಡನೇ ಮಹಾಯುದ್ಧದ ನಂತರ ಸೋವಿಯತ್ ಕಾರ್ಖಾನೆಗಳು ತಮ್ಮದಾಗಿಸಿಕೊಂಡು ಮಾಡಿದ್ದು ಇದು. ಮೂರು ಗುಂಪಿನಲ್ಲಿ ಆರು ಗಾಜು. ಪೂರ್ತಿ ತೆರೆದಾಗ ಮೃದು, ಎಫ್/4ರ ಹೊತ್ತಿಗೆ ಚೆನ್ನಾಗಿ ಬಿಗಿಯಾಗುತ್ತದೆ. ಅದರ ದ್ಯುತಿರಂಧ್ರದ ಬಳೆಗೆ ಕ್ಲಿಕ್ ಇಲ್ಲ, ಜಾರುತ್ತದೆ, ನೋಡಿಕೊಂಡು ಇಡಬೇಕು. ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ. ನಾನು ವಿಚಾರಿಸಿದಾಗ ಒಳ್ಳೆಯ ಸ್ಥಿತಿಯದ್ದು ಹತ್ತು ಸಾವಿರದೊಳಗೆ ಇತ್ತು. ಇಂಡಸ್ಟಾರ್-61, ಎಫ್/2.8, ಅದಕ್ಕಿಂತಲೂ ಅಗ್ಗ, ಹಗಲಿಗೆ ಹೆಚ್ಚು ಚೂಪು. ಇನ್ನಷ್ಟು ಹಾಕಬಲ್ಲವರಿಗೆ 1950ರ ದಶಕದ ಕ್ಯಾನನ್ 50 ಎಂಎಂ ಎಫ್/1.8 ಇದೆ. ಲೋಹದ ಕೆಲಸ ಅಚ್ಚುಕಟ್ಟು. ಆದರೆ ದ್ಯುತಿರಂಧ್ರದ ಹಿಂದಿನ ಗಾಜಿಗೆ ಮಬ್ಬು ಕಟ್ಟುವುದು ಅದರ ಹುಟ್ಟುಗುಣ, ಎಷ್ಟೋ ಸಲ ಒರೆಸಿದರೂ ಹೋಗುವುದಿಲ್ಲ. ಹೊಸ ಲೈಕಾ ಸುಮಿಕ್ರಾನ್ ಎರಡು ಲಕ್ಷ ದಾಟುತ್ತದೆ. ಒಳ್ಳೆಯ ಲೆನ್ಸ್, ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಸೋವಿಯತ್ ಕಾಲದ ಲೆನ್ಸಿನ ಬಗ್ಗೆ ಒಂದು ಎಚ್ಚರ ಬೇಕು. ಅವುಗಳ ಫೋಕಸ್ ಲೆಕ್ಕ ಲೈಕಾದ ಲೆಕ್ಕಕ್ಕಿಂತ ಕೂದಲೆಳೆಯಷ್ಟು ಬೇರೆ. ಜಪಾನಿನ, ಜರ್ಮನಿಯ ಬಾಡಿಯ ಮೇಲೆ ದೂರದ ವಸ್ತು ಸರಿ ಬಂದರೂ ಒಂದು ಮೀಟರಿನಲ್ಲಿ, ಪೂರ್ತಿ ತೆರೆದಾಗ, ಫೋಕಸ್ ತುಸು ಜರುಗಬಹುದು. ಪರೀಕ್ಷೆ ಸುಲಭ: ದಿನಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಓರೆಯಾಗಿ, ನಡುವಿನ ಒಂದು ಸಾಲಿಗೆ ಗುರುತು ಹಾಕಿ ಅದಕ್ಕೇ ಫೋಕಸ್ ಮಾಡಿ ತೆಗೆಯಿರಿ. ನೆಗೆಟಿವ್‌ನಲ್ಲಿ ಬೇರೆ ಸಾಲು ಚೂಪಾಗಿ ಬಂದರೆ ಎಷ್ಟು ವ್ಯತ್ಯಾಸವೆಂದು ತಿಳಿಯುತ್ತದೆ. ನನ್ನ ಜೋಡಿಯಲ್ಲಿ ಒಂದೂವರೆ ಮೀಟರಿನಾಚೆ ತೊಂದರೆ ಇಲ್ಲ, ಅದಕ್ಕೂ ಹತ್ತಿರವಾದರೆ ಎಫ್/4 ಇಡುತ್ತೇನೆ. ತಿದ್ದಿಸಬೇಕೆಂದರೆ ಬಲ್ಲ ರಿಪೇರಿಯವರ ಕೈಯಲ್ಲಿ ತೆಳು ಬಿಲ್ಲೆ ಹಾಕಿಸಬೇಕು. ಆ ಖರ್ಚನ್ನೂ ಬೆಲೆಗೆ ಸೇರಿಸಿ ನೋಡಿ.

ಹಳೆಯ ಲೆನ್ಸ್ ಕೊಳ್ಳುವಾಗ ಅಗ್ಗ ದುಬಾರಿ ತೀರ್ಮಾನವಾಗುವುದು ಗಾಜಿನ ಸ್ಥಿತಿಯಲ್ಲಿ. ಜಾತ್ರೆಯಲ್ಲಿ ಎತ್ತು ಹಿಡಿಯುವವರು ಬಾಯಿ ತೆರೆಸಿ ಹಲ್ಲು ನೋಡುವ ಹಾಗೆ ಇಲ್ಲಿ ಟಾರ್ಚ್ ಹಾಕಿ ನೋಡಬೇಕು. ದ್ಯುತಿರಂಧ್ರ ಪೂರ್ತಿ ತೆರೆದು, ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು, ಲೆನ್ಸನ್ನು ನಿಧಾನವಾಗಿ ವಾಲಿಸಿ. ಚುಕ್ಕಿ ಚುಕ್ಕಿ ಧೂಳು ಕಂಡರೆ ಚಿಂತೆ ಬೇಡ, ಅದು ಚಿತ್ರದಲ್ಲಿ ಬರುವುದಿಲ್ಲ. ಮುಂದಿನ ಗಾಜಿನ ಒಂದೆರಡು ಸಣ್ಣ ಗೀರೂ ಅಷ್ಟೇ, ಬೆಲೆ ಇಳಿಸಿ ಕೇಳಲು ನೆಪವಾಗುತ್ತದೆ. ಹಿಂದಿನ ಗಾಜಿನ ಗೀರು ಬೇಡ. ಅಂಚಿನಿಂದ ಕವಲೊಡೆದ ಬಿಳಿ ಎಳೆ ಕಂಡರೆ ಫಂಗಸ್, ಒಳಗೆಲ್ಲ ಹಾಲಿನಂಥ ಪೊರೆ ಕಂಡರೆ ಮಬ್ಬು. ಎರಡರಲ್ಲಿ ಯಾವುದಿದ್ದರೂ ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾನು ಮುಟ್ಟುವುದಿಲ್ಲ. ದ್ಯುತಿರಂಧ್ರದ ಎಲೆಗಳ ಮೇಲೆ ಎಣ್ಣೆ ಕಂಡರೆ ಎಸ್‌ಎಲ್‌ಆರ್ ಲೆನ್ಸಿನಲ್ಲಿ ದೊಡ್ಡ ದೋಷ, ಅಲ್ಲಿ ಎಲೆಗಳು ತಾವಾಗಿ ಕ್ಷಣದಲ್ಲಿ ಮುಚ್ಚಬೇಕು. ನಮ್ಮದರಲ್ಲಿ ಕೈಯಿಂದಲೇ ತಿರುಗಿಸುವುದರಿಂದ ಅಷ್ಟು ಭಯವಿಲ್ಲ. ಫೋಕಸ್ ಬಳೆ ಬಿಗಿದಿದ್ದರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ, ಸರ್ವೀಸ್ ಖರ್ಚು ಗ್ಯಾರಂಟಿ.

ಫಂಗಸ್ ಬಗ್ಗೆ ಇಷ್ಟು ಹೇಳಲು ಕಾರಣ ನಮ್ಮ ಸೀಮೆ. ಒಂದು ಕಡೆ ಕಾವೇರಿ, ಸುತ್ತ ನಾಲೆ, ನೀರು ನಿಂತ ಗದ್ದೆ. ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಚರ್ಮದ ಕೇಸಿನಲ್ಲಿ ಲೆನ್ಸ್ ಇಡಬೇಡಿ, ತೇವ ಹೀರಿಟ್ಟುಕೊಳ್ಳುತ್ತದೆ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮೀಟರ್. ಮುಳ್ಳು 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ಇದಕ್ಕೆಲ್ಲ ಆಗುವ ಖರ್ಚು ಒಂದು ರೋಲ್ ಫಿಲ್ಮಿನಷ್ಟೂ ಇಲ್ಲ.

ಸಾಲ ಮಾಡಿ ಲೆನ್ಸ್ ಕೊಳ್ಳುವುದಕ್ಕೆ ನನ್ನ ವಿರೋಧವಿದೆ. ‘ನೋ ಕಾಸ್ಟ್ ಇಎಂಐ’ ಎಂದು ಬರೆದಿದ್ದರೂ ಕ್ರೆಡಿಟ್ ಕಾರ್ಡಿನಲ್ಲಿ ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಭಾಗದ ಮೇಲೆ ಶೇ 18 ಜಿಎಸ್‌ಟಿ ಸೇರಿಕೊಳ್ಳುತ್ತವೆ. ಕಬ್ಬಿನ ದುಡ್ಡು ಬರುವ ಮನೆಗಳಲ್ಲಿ ಆದಾಯ ಒಮ್ಮೆಗೇ ಬರುತ್ತದೆ, ಕಂತು ಪ್ರತಿ ತಿಂಗಳೂ ಕೇಳುತ್ತದೆ. ಎರಡಕ್ಕೂ ಹೊಂದುವುದಿಲ್ಲ. ಚೀಟಿ ಎತ್ತಿದಾಗ ಒಂದು ಪಾಲು ತೆಗೆದಿಟ್ಟು ಕಾದು ಕೊಂಡದ್ದು ನನ್ನ ಲೆನ್ಸ್. ವಿದೇಶದಿಂದ ತರಿಸುವವರು ಬೆಲೆಯ ಜೊತೆಗೆ ಸಾಗಣೆ, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಎಲ್ಲ ಕೂಡಿಸಿ ನೋಡಿ, ಕೆಲವು ಸಲ ಬೆಂಗಳೂರಿನಲ್ಲೇ ಸಿಗುವುದು ಅಗ್ಗವಾಗುತ್ತದೆ. ಹಳೆಯ ಲೆನ್ಸಿನ ಗುಣವೆಂದರೆ ಗಾಜು ಶುದ್ಧವಾಗಿಟ್ಟರೆ ಕೊಂಡ ಬೆಲೆಗೆ ಹತ್ತಿರದಲ್ಲೇ ಮತ್ತೆ ಮಾರಬಹುದು.

ಬಾಡಿಯೂ ಇಲ್ಲದವರಿಗೆ ಇನ್ನೂ ಅಗ್ಗದ ದಾರಿ ಇದೆ. 1966ರಲ್ಲಿ ಬಂದ ಯಾಶಿಕಾ ಎಲೆಕ್ಟ್ರೋ 35ರಲ್ಲಿ 45 ಎಂಎಂ ಎಫ್/1.7 ಲೆನ್ಸ್ ಬಾಡಿಗೇ ಕೂಡಿಕೊಂಡಿದೆ, ಬದಲಿಸುವ ಮಾತೇ ಇಲ್ಲ. ಅದರ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ, ಅಡಾಪ್ಟರ್ ಹಾಕಿ ಆರು ವೋಲ್ಟಿನ 4ಎಲ್‌ಆರ್44 ಬಳಸಬಹುದು. ಬಾಡಿ ಇದ್ದವರಿಗೆ ನನ್ನ ಶಿಫಾರಸು: ಮಬ್ಬಿಲ್ಲದ ಜುಪಿಟರ್-8, ಉಳಿದ ದುಡ್ಡಿಗೆ ಫಿಲ್ಮ್. ಯಾವುದನ್ನೇ ಕೊಳ್ಳಿ, ಹಣ ಕಳಿಸುವ ಮೊದಲು ಮಾರುವವರಿಂದ ಟಾರ್ಚ್ ಬೆಳಕು ಹಾಯಿಸಿದ ಫೋಟೊ ತರಿಸಿಕೊಳ್ಳಿ. ಕಳಿಸಲು ಹಿಂದೇಟು ಹಾಕಿದರೆ ಆ ಲೆನ್ಸ್ ಬಿಟ್ಟುಬಿಡಿ, ಇನ್ನೊಂದು ಸಿಗುತ್ತದೆ.