ಸಿಇಟಿಯ ಎಂಬತ್ತು ನಿಮಿಷ

ಓದಿದ್ದೆಲ್ಲ ತಲೆಯಲ್ಲಿದ್ದರೂ ಎಷ್ಟೋ ಮಕ್ಕಳು ಸಿಇಟಿಯಲ್ಲಿ ಕಂಗಾಲಾಗುವುದು ಗಡಿಯಾರ ನೋಡಿ. ಹೊತ್ತನ್ನು ಮೊದಲೇ ಹಂಚಿಕೊಂಡವರಿಗೆ ಅದೇ ಗಡಿಯಾರ ಧೈರ್ಯ ಕೊಡುತ್ತದೆ.

1. ಲೆಕ್ಕ ತಿಳಿದಿರಲಿ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡ್. ಸೂತ್ರ ಹಾಕಿದರೆ ಮುಗಿಯುವ ಪ್ರಶ್ನೆಯಲ್ಲಿ ಉಳಿಸಿದ ಸೆಕೆಂಡುಗಳು ಉದ್ದನೆಯ ಲೆಕ್ಕಕ್ಕೆ ಒದಗುತ್ತವೆ.

2. ಎರಡು ಸುತ್ತಿನಲ್ಲಿ ಬರೆಯಿರಿ. ಗೊತ್ತಿರುವುದು ಮೊದಲು. ತಡವರಿಸಿದ ಪ್ರಶ್ನೆಗೆ ಪ್ರಶ್ನೆಪತ್ರಿಕೆಯಲ್ಲೇ ಸುತ್ತು ಹಾಕಿ ಮುಂದೆ ಹೋಗಿ. ಇಲ್ಲೊಂದು ಅಪಾಯವಿದೆ: 22ನ್ನು ಬಿಟ್ಟವರು 23ರ ಉತ್ತರವನ್ನು 22ರ ಸಾಲಿನಲ್ಲಿ ತುಂಬಿಬಿಡುತ್ತಾರೆ, ಅಲ್ಲಿಂದಾಚೆ ಎಲ್ಲವೂ ಒಂದೊಂದು ಸಾಲು ಮೇಲಕ್ಕೆ. ಪ್ರತಿ ಸಲವೂ ಒಎಂಆರ್ ಹಾಳೆಯ ಸಂಖ್ಯೆಯ ಮೇಲೆ ಎಡಗೈ ಬೆರಳಿಟ್ಟು, ಆಮೇಲೆ ಪೆನ್ನು ಊರಿ. ಉತ್ತರ ಸಿಕ್ಕ ತಕ್ಷಣ ತುಂಬಿ. ಕೊನೆಗೆ ಒಟ್ಟಿಗೆ ತುಂಬೋಣ ಎಂದು ಉಳಿಸಿಕೊಂಡರೆ ಕೈ ನಡುಗುತ್ತದೆ.

3. ಕೊನೆಯ ಐದು ನಿಮಿಷ ಎತ್ತಿಡಿ. ತಪ್ಪು ಉತ್ತರಕ್ಕೆ ಇಲ್ಲಿ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಸಾಲೂ ಖಾಲಿ ಉಳಿಯಬಾರದು.

4. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗಲೂ ಗಡಿಯಾರ ಎದುರಿಗಿರಲಿ, ಜೊತೆಗೆ ಒಎಂಆರ್ ಹಾಳೆಯ ಜೆರಾಕ್ಸ್. ಪರೀಕ್ಷೆಯ ದಿನದಂತೆಯೇ ಬೆಳಿಗ್ಗೆ ಹತ್ತೂವರೆಗೇ ಕುಳಿತುಕೊಳ್ಳಿ. ಆರಂಭದಲ್ಲಿ ಹೊತ್ತು ಸಾಲದು. ಮನೆಯಲ್ಲೇ ಸಾಲದಿರುವುದು ಒಳ್ಳೆಯದು.

5. ಪುನರಾವರ್ತನೆಗೆ ಅಂತರ ಕೊಡಿ. ಓದಿದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು. ಒಂದೇ ರಾತ್ರಿ ಮೂರು ಸಲ ಓದುವ ಬದಲು ಇವತ್ತೊಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಕಳೆದು ಒಮ್ಮೆ ಓದಿ. ನಡುವೆ ಕಳೆದ ದಿನಗಳೂ ನಿಮ್ಮ ಪರವಾಗಿ ಕೆಲಸ ಮಾಡುತ್ತವೆ.

6. ಭಯವನ್ನು ಬರೆದುಬಿಡಿ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಆತಂಕವನ್ನು ಬರೆದಿಟ್ಟ ವಿದ್ಯಾರ್ಥಿಗಳು ಹೆಚ್ಚು ಅಂಕ ಗಳಿಸಿದ್ದನ್ನು ಅಮೆರಿಕದ ರಾಮಿರೆಜ್ ಮತ್ತು ಬೈಲಾಕ್ ಅವರ 2011ರ ಅಧ್ಯಯನ ದಾಖಲಿಸಿದೆ. ಒಂದು ಹಾಳೆ, ಒಂದು ಪೆನ್ನು, ಖರ್ಚಿಲ್ಲದ ಉಪಾಯ.

7. ಎರಡು ಪೇಪರುಗಳ ನಡುವಿನ ಬಿಡುವಿನಲ್ಲಿ ಉತ್ತರ ತಾಳೆ ನೋಡಬೇಡಿ. ಬೆಳಗಿನದು ಮುಗಿಯಿತು, ಅದು ಇನ್ನು ಬದಲಾಗದು. ಊಟ ಮಾಡಿ, ನೆರಳಿನಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಗೇಟಿನ ಹೊರಗೆ ಕಾಯುವ ಅಪ್ಪ ಅಮ್ಮಂದಿರೇ, "ಎಷ್ಟು ಸರಿಯಾಯ್ತು?" ಎಂದು ಈಗಲೇ ಕೇಳಬೇಡಿ. ಮಧ್ಯಾಹ್ನದ ಪೇಪರ್ ಇನ್ನೂ ಬಾಕಿ ಇದೆ, ಮೊದಲು ನೀರಿನ ಬಾಟಲಿ ಕೊಡಿ.